ಗುಲ್ಮದ ಅಪವಾದ

ಬೆಳ್ಯಪ್ಪ ಗೌಡರಿಗೆ ಮೆಲ್ಲ ಮಾತಾಡಲು ಬರುತ್ತಿರಲಿಲ್ಲ. ಅವರು ಪ್ರೀತಿಯಿಂದ "ಬನ್ನಿ, ಕೂತ್ಕೊಳ್ಳಿ" ಎಂದರೂ ಹೊಸಬರು ಏನೋ ತಪ್ಪು ಮಾಡಿದವರಂತೆ ಎದ್ದು ನಿಲ್ಲುತ್ತಿದ್ದರು. ನಾನು ಪುತ್ತೂರಿನಿಂದ ಕೊಲ್ಲಮೊಗ್ರಿನ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಬಂದದ್ದು ಸಾವಿರದ ಒಂಬೈನೂರ ಐವತ್ತೇಳರಲ್ಲಿ. ಬಂದ ಮೊದಲ ವಾರವೇ ಒಂದು ಸಂಜೆ ಗದ್ದೆಯ ಆಚೆಯಿಂದ ಭಾರೀ ಜಗಳ ಕೇಳಿಸಿತು. ಯಾರು ಯಾರನ್ನು ಕೊಲ್ಲುತ್ತಿದ್ದಾರೋ ಎಂದು ಗಾಬರಿಯಿಂದ ಓಡಿ ಹೋಗಿ ನೋಡಿದರೆ ಗೌಡರು ಹೆಂಡತಿಯ ಹತ್ತಿರ ಉಪ್ಪು ಎಲ್ಲಿದೆ ಎಂದು ಕೇಳುತ್ತಿದ್ದರು. ಹೆಂಡತಿ ದೇವಮ್ಮ ಅದಕ್ಕೆ ಉತ್ತರ ಕೊಡದೆ ಒಲೆಯ ಮುಂದೆ ಕೂತು ನಗುತ್ತಿದ್ದಳು.

ಆ ಸ್ವರ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಅವರ ಗದ್ದೆ ಕಾಡಿಗೆ ತಾಗಿಕೊಂಡೇ ಇತ್ತು. ಪೈರು ತೆನೆಯೊಡೆದ ಮೇಲೆ ಹಂದಿಗಳಿಗೆ ಬೇರೆ ಊರು ಬೇಡ. ಸಣ್ಣವರಿರುವಾಗಲೇ ತಂದೆ, ತಾಯಿ, ಅಣ್ಣ ಮೂವರೂ ಒಂದೇ ಮಳೆಗಾಲದಲ್ಲಿ ಚಳಿಜ್ವರಕ್ಕೆ ಹೋದರು. ಸೋದರಮಾವನೊಬ್ಬರು ಬಂದು ಗದ್ದೆ ನೋಡಿಕೊಂಡರೂ ಕಾವಲಿನ ಅಟ್ಟದ ಮೇಲೆ ಕೂತು ಹಂದಿಗೆ ಕೂಗು ಹಾಕುವ ಕೆಲಸ ಬೆಳ್ಯಪ್ಪನ ಪಾಲಿಗೆ ಬಂತು. ಕೂಗಿ ಕೂಗಿ ಗಂಟಲು ಹಾಗೆಯೇ ನಿಂತುಬಿಟ್ಟಿತು. ಸಿಟ್ಟು ಇರಲಿಲ್ಲವೆಂದಲ್ಲ, ಇತ್ತು. ಒಮ್ಮೆ ಉಳುತ್ತಿದ್ದ ಎತ್ತೊಂದು ಪಕ್ಕದವರು ನಾಟಿಗೆ ಬೆಳೆಸಿದ್ದ ನೇಜಿಗೆ ನುಗ್ಗಿದಾಗ ಅದಕ್ಕೆ ಬಾರಿಸಿದ್ದನ್ನು ಊರು ಹತ್ತು ವರ್ಷ ನೆನಪಿಟ್ಟುಕೊಂಡಿತ್ತು. ಆಮೇಲೆ ಅದೇ ಎತ್ತಿನ ಮೈಗೆ ಅವರು ಎಣ್ಣೆ ಹಚ್ಚಿದ್ದನ್ನು ನೆನಪಿಟ್ಟವರು ಯಾರೂ ಇಲ್ಲ. ಊರಿನ ನೆನಪೆಂದರೆ ಅಷ್ಟೇ, ತನಗೆ ಬೇಕಾದ್ದು ಮಾತ್ರ.

ಈ ಕಡೆಯವರಲ್ಲದವರಿಗೆ ಗುಲ್ಮದ ವಿಷಯ ಸ್ವಲ್ಪ ಹೇಳಬೇಕು. ಹೊಟ್ಟೆಯ ಎಡಬದಿಯಲ್ಲಿ, ಪಕ್ಕೆಲುಬಿನ ಅಡಿಯಲ್ಲಿ ಇಂಥದೊಂದು ಅಂಗ ಇದೆಯೆಂದೇ ಉಳಿದ ಊರುಗಳಲ್ಲಿ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಘಟ್ಟದ ಬುಡದಲ್ಲಿ ಹಾಗಲ್ಲ. ವರ್ಷ ವರ್ಷ ಮಲೇರಿಯಾ ಬಂದು ಮಕ್ಕಳ ಗುಲ್ಮ ಊದಿಕೊಂಡು ಹೊಕ್ಕುಳಿನ ಹತ್ತಿರ ಇಳಿಯುತ್ತಿತ್ತು. ಜ್ವರಗಡ್ಡೆ ಎನ್ನುತ್ತಿದ್ದರು. ಡಿ.ಡಿ.ಟಿ. ಹೊಡೆಯಲು ಶುರುಮಾಡಿದ ಕಾಲದಲ್ಲಿ ಮಲೇರಿಯಾ ಇಲಾಖೆಯವರು ಶಾಲೆಗೇ ಬಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಂಗಿ ಎತ್ತಿಸಿ, ಗುಲ್ಮ ಎಷ್ಟು ಬೆರಳು ಇಳಿದಿದೆಯೆಂದು ಹೊಟ್ಟೆ ಒತ್ತಿ ನೋಡುತ್ತಿದ್ದರು. ಕಚಗುಳಿಯಾಗಿ ನಕ್ಕವರನ್ನು ಗದರುವುದು ನನ್ನ ಕೆಲಸ.

ಊದಿದ ಗುಲ್ಮಕ್ಕೆ ಪೆಟ್ಟು ಬಿದ್ದರೆ ಒಳಗೇ ಒಡೆದು ಜೀವ ಹೋಗುತ್ತದೆಂಬುದೂ ಎಲ್ಲರಿಗೂ ಗೊತ್ತಿತ್ತು. ಗುಂಡ್ಯದಲ್ಲಿ ಮರ ತುಂಬಿಸುವ ಕೂಲಿಗಳಿಬ್ಬರು ಬೀಡಿಯ ವಿಷಯಕ್ಕೆ ಕೈಕೈ ಮಿಲಾಯಿಸಿ, ಒಬ್ಬ ಒಂದೇ ಒಂದು ಸಲ ಒದ್ದದ್ದಕ್ಕೆ ಇನ್ನೊಬ್ಬ ಲಾರಿಯ ಅಡಿಯಲ್ಲೇ ಸತ್ತಿದ್ದ. ಅಂದಿನಿಂದ ನಮ್ಮ ಕಡೆ ಯಾವ ಜಗಳವಾದರೂ ಹಿರಿಯರು ಮೊದಲು ಕೂಗುತ್ತಿದ್ದದ್ದು "ಹೊಟ್ಟೆಗೆ ಒದೀಬೇಡಿ" ಎಂದು. ಒಟ್ಟಿನಲ್ಲಿ ನಮ್ಮವರ ಪ್ರಕಾರ ಗುಲ್ಮ ಕೆಡುವುದಕ್ಕೆ ಕಾರಣ ಎರಡೇ, ಒಂದು ಜ್ವರ, ಇನ್ನೊಂದು ಒದೆತ. ಮೂರನೆಯದೊಂದು ಇರಬಹುದೆಂದು ಹೇಳಿದರೆ ಕೇಳುವವರಿರಲಿಲ್ಲ.

ದೇವಮ್ಮನ ತೋಳಿನ ಮೇಲೆ ನೀಲಿ ಕಲೆಗಳು ಕಾಣಿಸಿದ್ದು ಅವರ ಮದುವೆಯಾಗಿ ನಾಲ್ಕೈದು ವರ್ಷ ಕಳೆದ ಮೇಲೆ, ಐವತ್ತೊಂಬತ್ತರ ಕೊನೆಗೆ. ಮೊದಲು ನೋಡಿದ್ದು ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು. ಮುಂಗೈಯಲ್ಲೊಂದು, ಮೊಣಕಾಲಿನ ಕೆಳಗೆರಡು, ಬೆನ್ನಿನ ಮೇಲೆ ಅಂಗೈಯಗಲದ್ದೊಂದು. ಹಳೆಯದು ಹಳದಿಯಾಗುವಷ್ಟರಲ್ಲಿ ಹೊಸದೊಂದು ಬರುತ್ತಿತ್ತು. ಏನಾಯಿತೆಂದು ಕೇಳಿದರೆ ಆಕೆ "ಎಂತದೂ ಇಲ್ಲ, ಎಲ್ಲಿ ತಾಗಿದ್ದು ಅಂತಲೇ ಗೊತ್ತಿಲ್ಲ" ಎನ್ನುತ್ತಿದ್ದಳು. ಪೆಟ್ಟು ತಿಂದ ಹೆಂಗಸು ಹೇಳುವುದೂ ಇದನ್ನೇ ಅಲ್ಲವೇ? ಅವಳು ನಿಜ ಹೇಳಿದಷ್ಟೂ ಗಂಡನ ಮೇಲಿನ ಗುಮಾನಿ ಗಟ್ಟಿಯಾಯಿತು.

ರಸ್ತೆ ಬದಿಯಲ್ಲಿ ಹಸನಬ್ಬರ ಅಂಗಡಿ ಇತ್ತು. ಒಣಮೀನು, ಸೀಮೆಎಣ್ಣೆ, ಚಹ ಎಲ್ಲ ಅಲ್ಲೇ, ಊರಿನ ಸುದ್ದಿಯೂ ಅಲ್ಲೇ. ಹಸನಬ್ಬರು ಚಾಡಿಕೋರರಲ್ಲ, ಆದರೂ ಒಂದು ದಿನ ನನಗೆ ಚಹ ಕೊಡುತ್ತಾ ಅಂದರು, "ನಾನು ಕಣ್ಣಲ್ಲಿ ಕಂಡದ್ದಲ್ಲ ಮಾಷ್ಟ್ರೆ. ಆದ್ರೆ ಆ ಬೊಬ್ಬೆ ದಿನಾ ಕೇಳ್ತದಲ್ಲ. ಬಾಯಿ ಅಷ್ಟು ಓಡುವವನ ಕೈ ಸುಮ್ಮನೆ ಕೂತ್ಕೊಳ್ತದಾ?"

"ಬಾಯಿ ಓಡುವವರೆಲ್ಲ ಹೊಡೆಯುದಾದ್ರೆ ಮೊದಲು ನನ್ನನ್ನು ಜೈಲಿಗೆ ಹಾಕ್ಬೇಕು," ಎಂದೆ ನಾನು. ಅಂಗಡಿಯಲ್ಲಿದ್ದವರು ನಕ್ಕರು. ಅಭಿಪ್ರಾಯ ಮಾತ್ರ ಯಾರೂ ಬದಲಾಯಿಸಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ದೇವಮ್ಮನ ಮೂಗಿನಿಂದ ರಕ್ತ ಬರಲು ಶುರುವಾದದ್ದು ನಿಲ್ಲಲೇ ಇಲ್ಲ. ತಲೆಗೆ ತಣ್ಣೀರು ಹಾಕಿದರು, ಗರಿಕೆಯ ರಸ ಬಿಟ್ಟರು, ಪ್ರಯೋಜನವಾಗಲಿಲ್ಲ. ಗೌಡರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಆಳುಗಳೊಂದಿಗೆ ಗುತ್ತಿಗಾರಿನವರೆಗೆ ಹೊತ್ತುಕೊಂಡು ಹೋಗಿ ಬಸ್ಸು ಹತ್ತಿಸಿದರು. ರಜೆಗೆ ಊರಿಗೆ ಹೊರಟಿದ್ದ ನಾನೂ ಅದೇ ಬಸ್ಸಿನಲ್ಲಿದ್ದೆ. ಪುತ್ತೂರಿನಲ್ಲಿ ನನಗೆ ಪರಿಚಯದ ಡಾಕ್ಟರೊಬ್ಬರಿದ್ದರು. ಮಲೇರಿಯಾ ಕಾಲದಿಂದ ಅವರ ಹತ್ತಿರ ಒಳ್ಳೆಯ ಸೂಕ್ಷ್ಮದರ್ಶಕವಿತ್ತು, ಅದರಲ್ಲಿ ರಕ್ತ ನೋಡುವ ಹುಚ್ಚೂ ಇತ್ತು.

ಡಾಕ್ಟರು ಮೂಗಿಗೆ ಬಟ್ಟೆ ತುರುಕಿ ರಕ್ತ ನಿಲ್ಲಿಸಿ, ಕಲೆಗಳನ್ನೆಲ್ಲ ನೋಡಿದರು. ಆಮೇಲೆ ಗೌಡರನ್ನೂ ನನ್ನನ್ನೂ ಹೊರಗೆ ಕಳಿಸಿದರು. ಏನು ಕೇಳಿದರೆಂದು ದೇವಮ್ಮನೇ ಮುಂದೆ ಹೇಳಿದಳು. "ಗಂಡ ಹೊಡೀತಾನಾ ಅಮ್ಮ? ಹೆದರ್ಬೇಡ, ಹೇಳು" ಎಂದರಂತೆ. ಅವಳಿಗೆ ನಗು ಬಂದು ಮೂಗಿನಲ್ಲಿ ಪುನಃ ರಕ್ತ ಬಂತಂತೆ.

ನಮ್ಮನ್ನು ಒಳಗೆ ಕರೆದ ಮೇಲೆ ಡಾಕ್ಟರು ರಕ್ತದ ಒತ್ತಡ ನೋಡುವ ಪಟ್ಟಿಯನ್ನು ಅವಳ ತೋಳಿಗೆ ಕಟ್ಟಿ, ಗಾಳಿ ತುಂಬಿಸಿ ಹಾಗೆಯೇ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಪಟ್ಟಿಯ ಕೆಳಗೆ ಮುಂಗೈ ತುಂಬ ಸಾಸಿವೆ ಎರಚಿದಂತೆ ಕೆಂಪು ಚುಕ್ಕೆಗಳೆದ್ದವು. "ನೋಡಿ, ನಾನು ಹೊಡೀಲಿಲ್ಲ," ಎಂದರು ಡಾಕ್ಟರು. ಬೆಳ್ಯಪ್ಪ ಗೌಡರು ಆ ಕೈಯನ್ನು ನೋಡುತ್ತಾ ಮಾತಿಲ್ಲದೆ ಕೂತರು. ಅವರಿಗೆ ಮಾತು ಬಾರದ್ದನ್ನು ನಾನು ಅಂದೇ ಮೊದಲು ಕಂಡದ್ದು.

ರೋಗದ ವಿವರವನ್ನು ಡಾಕ್ಟರು ನಮಗೆ ತಿಳಿಯುವಂತೆ ಬಿಡಿಸಿ ಹೇಳಿದರು. ರಕ್ತದಲ್ಲಿ ಬಹಳ ಸಣ್ಣ ಕಣಗಳಿವೆ. ಎಲ್ಲಿಯಾದರೂ ರಕ್ತನಾಳ ಸೀಳಿದರೆ ಅಲ್ಲಿ ಗುಂಪುಗೂಡಿ ಬಾಯಿ ಮುಚ್ಚುವುದು ಅವುಗಳ ಕೆಲಸ. ಒಂದು ಹನಿಯ ಒಂದು ಸಣ್ಣ ಪಾಲಿನಲ್ಲಿ ಎರಡೂವರೆ ಲಕ್ಷ ಇರಬೇಕು, ದೇವಮ್ಮನಿಗಿದ್ದದ್ದು ಹದಿನೈದು ಸಾವಿರ. ಕಣಗಳು ಹುಟ್ಟುತ್ತಿವೆ, ಆದರೆ ಅವಳದೇ ಗುಲ್ಮ ಅವನ್ನು ಹಿಡಿದು ನುಂಗುತ್ತಿದೆ. ಜ್ವರಗಡ್ಡೆಯಲ್ಲ, ಗುಲ್ಮ ಊದಿಯೂ ಇಲ್ಲ. ಮೊದಲು ಮಾತ್ರೆ ಕೊಟ್ಟು ನೋಡುವುದು, ಆಗದಿದ್ದರೆ ಮಂಗಳೂರಿಗೆ ಹೋಗಿ ಗುಲ್ಮವನ್ನೇ ತೆಗೆಸುವುದು.

ಮಾತ್ರೆ ತಿಂದು ದೇವಮ್ಮನ ಮುಖ ದುಂಡಗೆ ಊದಿತು, ಕಣಗಳ ಲೆಕ್ಕವೂ ಏರಿತು. ಮಾತ್ರೆ ಕಡಿಮೆ ಮಾಡಿದ ಕೂಡಲೇ ಇಳಿಯಿತು. ಕೊನೆಗೆ ಅರವತ್ತರ ದೀಪಾವಳಿ ಕಳೆದ ಮೇಲೆ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಗೌಡರ ರಕ್ತ ಹೊಂದಿಕೆಯಾಗಿ ಅವರದನ್ನೇ ಒಂದು ಬಾಟಲಿ ತೆಗೆದು ಅವಳಿಗೆ ಕೊಟ್ಟರು. ಕಣಗಳು ಮೂರು ಲಕ್ಷ ದಾಟಿದವು. ಆಮೇಲೆ ನಾಲ್ಕು. ಕಲೆಗಳೆಲ್ಲ ಮಾಸಿಹೋದವು. ಪುತ್ತೂರಿನ ಡಾಕ್ಟರ ಬಳಿ ತೋರಿಸಲು ಬಂದಾಗ ನಾನೂ ಜೊತೆಗಿದ್ದೆ. ಗೌಡರು ಇಡೀ ಬೀದಿಗೆ ಕೇಳುವಂತೆ "ನಾಲ್ಕು ಲಕ್ಷ ಮಾಷ್ಟ್ರೆ, ನಾಲ್ಕು ಲಕ್ಷ!" ಎಂದು ನನ್ನನ್ನು ತಬ್ಬಿಕೊಂಡರು. ನೋಡಿದವರು ನಿಧಿ ಸಿಕ್ಕಿತೆಂದೇ ತಿಳಿದಿರಬೇಕು.

ಡಾಕ್ಟರು ಮಾತ್ರ ಅಷ್ಟು ಬೇಗ ಖುಷಿಪಡುವ ಜಾತಿಯಲ್ಲ. "ಗುಲ್ಮ ತೆಗೆದ ಕೂಡ್ಲೇ ಹೆಚ್ಚಿನವರಿಗೂ ಏರ್ತದೆ ಗೌಡ್ರೆ. ಏರಿದ್ದು ನಿಲ್ತದಾ ಅಂತ ನೋಡುದು ಮುಖ್ಯ. ಮೂರು ತಿಂಗಳಿಗೊಮ್ಮೆ ಕರ್ಕೊಂಡು ಬನ್ನಿ, ನಾನೇ ಎಣಿಸಿ ನೋಡ್ತೇನೆ. ಒಂದು ವರ್ಷ ನಿಂತ್ರೆ ಆಗ ಗುಣ ಆಯ್ತು ಹೇಳ್ತೇನೆ. ಮತ್ತೆ ಒಂದು ವಿಷಯ, ಇನ್ನು ಜ್ವರ ಬಂದ್ರೆ ಕಷಾಯ ಕುಡಿಸಿ ಕೂತ್ಕೊಳ್ಬೇಡಿ, ಆ ದಿನವೇ ಬನ್ನಿ," ಎಂದರು.

ಇಷ್ಟಾದ ಮೇಲೆ ಒಂದು ಪದ್ಧತಿ ಅಡ್ಡ ಬಂತು. ನಮ್ಮ ಕಡೆ ಹೊಟ್ಟೆ ಕೊಯ್ದ ಹೆಂಗಸೆಂದರೆ ಬಾಣಂತಿಗೆ ಸಮ. ಎಣ್ಣೆ ತಿಕ್ಕಬೇಕು, ಬಿಸಿನೀರಿನಲ್ಲಿ ಮೀಯಿಸಬೇಕು, ಕಾಳುಮೆಣಸು ಬೆಳ್ಳುಳ್ಳಿ ಹಾಕಿ ಪಥ್ಯದ ಊಟ ಬಡಿಸಬೇಕು. ಅದು ತವರುಮನೆಯ ಹಕ್ಕು. ಅಲ್ಲದೆ ಗೌಡರ ಮನೆಯಲ್ಲಿ ಬೇರೆ ಹೆಂಗಸರೇ ಇರಲಿಲ್ಲ. ದೇವಮ್ಮನ ತವರು ಕಡಬದ ಹತ್ತಿರ. ಅಣ್ಣ ದೇರಣ್ಣ ಗೌಡರು ಬಂದು ಕರೆದುಕೊಂಡು ಹೋದರು. ಯಾರಿಗೂ ಅದು ತಪ್ಪೆಂದು ಕಾಣಲಿಲ್ಲ, ನನಗೂ ಕಾಣಲಿಲ್ಲ.

ಅಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಕಡಬ ಮುಟ್ಟಿತ್ತು. ದೇವಮ್ಮನಿಗೆ ಆಪರೇಷನ್ ಆಯಿತಂತೆ, ಗುಲ್ಮ ತೆಗೆದರಂತೆ. ಜ್ವರ ಬಂದದ್ದು ಯಾರಿಗೂ ಗೊತ್ತಿಲ್ಲ. ಹಾಗಾದರೆ ಉಳಿದದ್ದು ಒದೆತ. ಅಲ್ಲಿಯವರೆಗೆ ಬೆಳ್ಯಪ್ಪ ಗೌಡರು ಹೆಂಡತಿಗೆ ಹೊಡೆಯುವವರೆಂಬ ಗುಸುಗುಸು ಮಾತ್ರವಿತ್ತು, ಈಗ ಹೊಟ್ಟೆಗೇ ಒದ್ದು ಗುಲ್ಮ ಒಡೆದವರಾದರು.

ಹೆಂಡತಿಯನ್ನು ನೋಡಲು ಮೊದಲ ಸಲ ಕಡಬಕ್ಕೆ ಹೋದ ಗೌಡರನ್ನು ದೇರಣ್ಣ ಅಂಗಳದಲ್ಲೇ ನಿಲ್ಲಿಸಿದರು. ಬಾಯಾರಿಕೆಗೆ ಬೇಕಾ ಎಂದೂ ಕೇಳಲಿಲ್ಲ. ಗೌಡರು ತಮಗೆ ಗೊತ್ತಿದ್ದ ಒಂದೇ ಸ್ವರದಲ್ಲಿ ವಿಚಾರಿಸಿದರು. ಅಕ್ಕಪಕ್ಕದವರೆಲ್ಲ ಬೇಲಿಯ ಹತ್ತಿರ ಬಂದು ನಿಂತು ನೋಡಿದರು. ಇಂಥವನ ಮನೆಗೆ ಹೆಣ್ಣನ್ನು ಕಳಿಸಬಾರದೆಂದು ಅಲ್ಲೇ ತೀರ್ಮಾನವಾಯಿತು.

ಗೌಡರು ಬಂದು ಹೇಳಿದ್ದನ್ನು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಭಾನುವಾರವೇ ಕಡಬಕ್ಕೆ ಹೋದೆ. ನನಗೆ ಮಾತ್ರ ಬೆಲ್ಲ ನೀರು ಎಲ್ಲ ಸಿಕ್ಕಿತು. ನಾನು ಪುತ್ತೂರಿನ ಡಾಕ್ಟರು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದು ಕಲಿಸುವಂತೆ ಒಂದೊಂದಾಗಿ ವಿವರಿಸಿದೆ. ದೇರಣ್ಣ ನಡುವೆ ಬಾಯಿ ಹಾಕದೆ ಕೇಳಿದರು.

"ನಿಮ್ಮ ಡಾಕ್ಟ್ರು ಗುಲ್ಮ ತೆಗೆದದ್ದಕ್ಕೆ ಕಲೆ ಹೋಯ್ತು ಹೇಳ್ತಾರೆ," ಎಂದರು ಆಮೇಲೆ. "ನಾನು, ಅವಳು ಆ ಮನೆ ಬಿಟ್ಟದ್ದಕ್ಕೆ ಹೋಯ್ತು ಹೇಳ್ತೇನೆ. ಎರಡೂ ಒಟ್ಟಿಗೇ ಆದದ್ದಲ್ವಾ ಮಾಷ್ಟ್ರೆ? ಯಾವುದರಿಂದ ಹೋದದ್ದು ಅಂತ ಹೇಗೆ ಹೇಳುದು? ನೀವು ಓದಿದವರು, ನೀವೇ ಹೇಳಿ."

ಕಣಗಳ ಲೆಕ್ಕ ಮೊದಲು ಹದಿನೈದು ಸಾವಿರ ಇತ್ತಲ್ಲ ಎಂದೆ.

"ಲೆಕ್ಕ ನಾನು ನೋಡಿದ್ದಲ್ಲ. ಕಲೆ ನಾನು ನೋಡಿದ್ದು."

ನಾನು ದೇವಮ್ಮನನ್ನೇ ಕೇಳಿ ಎಂದೆ. ದೇರಣ್ಣ ತಲೆಯಾಡಿಸಿದರು. "ನಮಗೆ ಒಬ್ಬಳು ಅಕ್ಕ ಇದ್ದಳು," ಎಂದರು. "ಮೈಮೇಲೆ ಬಾಸುಂಡೆ ಇಟ್ಕೊಂಡೇ ಎರಡು ಸರ್ತಿ ಬಂದಳು. ಎಂತದೂ ಇಲ್ಲ ಅಂತ ಅವಳೂ ಹೇಳಿದ್ದು. ನಾವೇ ಎರಡು ಸರ್ತಿಯೂ ತಿರುಗಿ ಬಿಟ್ಟು ಬಂದದ್ದು. ಮೂರನೇ ಸರ್ತಿ ಅವಳು ಬರ್ಲಿಲ್ಲ, ಸುದ್ದಿ ಬಂತು." ಅವರು ಎದ್ದು ಜಗಲಿಯ ಅಂಚಿಗೆ ಹೋಗಿ ನಿಂತರು. "ಡಾಕ್ಟ್ರು ಒಂದು ವರ್ಷ ನೋಡ್ಬೇಕು ಹೇಳಿದ್ದಾರಲ್ಲ. ನಾನೂ ಒಂದು ವರ್ಷ ನೋಡ್ತೇನೆ. ಇವಳು ಇಲ್ಲಿರ್ಲಿ."

ಜಗಳಕ್ಕೆಂದೇ ಹೋದ ನಾನು ಜಗಳವಾಡದೆ ಎದ್ದೆ. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಉಳಿಯಲಿಲ್ಲ. ನಿಜವಾಗಿ ಅವರ ವಾದದಲ್ಲಿ ತಪ್ಪು ಹುಡುಕುವುದು ಸುಲಭವೂ ಆಗಿರಲಿಲ್ಲ. ಎರಡು ಸಂಗತಿಗಳು ಒಟ್ಟಿಗೇ ಬದಲಾದಾಗ ಗುಣವನ್ನು ಯಾವುದರ ಖಾತೆಗೆ ಹಾಕಬೇಕು? ನಾವು ವಿದ್ಯಾವಂತರು ಹಾಗೆ ಕೇಳದೆ ನಮಗೆ ಬೇಕಾದ ಕಾರಣವನ್ನು ಆರಿಸಿಕೊಳ್ಳುತ್ತೇವೆ. ದೇರಣ್ಣ ಕೇಳಿದರು, ಕೇಳಿ ತಮಗೆ ಬೇಕಾದ್ದನ್ನು ಆರಿಸಿಕೊಂಡರು.

ನಾನು ಹೊರಡುವಾಗ ದೇವಮ್ಮ ಬೇಲಿ ದಾಟುವ ದಣಪೆಯವರೆಗೆ ಬಂದಳು. ಹೊಟ್ಟೆಯ ಹೊಲಿಗೆ ಎಳೆಯುತ್ತಿದ್ದದ್ದರಿಂದ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದಳು. ಈಗಲೇ ಹೊರಟರೆ ನಾನೇ ಕರೆದುಕೊಂಡು ಹೋಗುತ್ತೇನೆ, ಅಣ್ಣ ಕಟ್ಟಿಹಾಕುವುದಿಲ್ಲವಲ್ಲ ಎಂದೆ.

"ಬೇಡ ಮಾಷ್ಟ್ರೆ," ಎಂದಳು. "ಈಗ ಹೋಗಿ, ನಾಳೆ ಎಲ್ಲಿಯಾದ್ರೂ ಒಂದು ಕಲೆ ಬಂದ್ರೆ ಅದೂ ಅವರ ತಲೆಗೇ. ಆಮೇಲೆ ಯಾರು ಎಷ್ಟು ಹೇಳಿದ್ರೂ ಆಗ್ಲಿಕ್ಕಿಲ್ಲ. ವರ್ಷ ತುಂಬ್ಲಿ. ಕಲೆ ಇಲ್ಲದ ಮೈಯಲ್ಲಿ ಹೋಗಿ, ಕಲೆ ಇಲ್ಲದೆ ಅಲ್ಲಿರ್ತೇನೆ. ಆಗ ಎಲ್ಲರಿಗೂ ಗೊತ್ತಾಗ್ತದೆ."

ನಾನು ಬಂದು ಇದನ್ನು ಹೇಳಿದಾಗ ಗೌಡರು ಒಪ್ಪಿಕೊಂಡರು. ಅವರಿಗೆ ಈಗ ಬೇಕಾಗಿದ್ದದ್ದು ಒಂದೇ, ಆ ಲೆಕ್ಕ ಇಳಿಯದೆ ನಿಲ್ಲಬೇಕು. ನಿಂತರೆ ಹೆಂಡತಿ ಬದುಕುತ್ತಾಳೆ, ಮನೆಗೆ ಬರುತ್ತಾಳೆ, ತನ್ನ ಹೆಸರೂ ಉಳಿಯುತ್ತದೆ.

ಆ ವರ್ಷ ಅವರು ದನಿ ತಗ್ಗಿಸಿ ಮಾತಾಡುವುದನ್ನು ಕಲಿತರು. ಒಬ್ಬರೇ ಇರುವ ಮನೆಯಿಂದ ಬೊಬ್ಬೆ ಕೇಳಿದರೂ ಜನ ಇನ್ನೇನಾದರೂ ಹೊಸೆದಾರೆಂಬ ಹೆದರಿಕೆ. ನಾಯಿಯನ್ನೂ ಪಿಸುಮಾತಿನಲ್ಲಿ ಕರೆಯುವಷ್ಟರ ಮಟ್ಟಿಗೆ ಬಂದರು. ಅಂಗಡಿಗೆ ಬಂದರೆ ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದರು. ಸುಗ್ಗಿಯ ಬೆಳೆಗೆ ಕಾವಲು ಕೂತವರು ಕೂಗು ಹಾಕದೆ ಬರೀ ತಗಡು ಬಡಿದರು. ಹಂದಿಗಳು ಎರಡು ದಿನ ಅನುಮಾನಪಟ್ಟು, ಮೂರನೆಯ ದಿನ ಬಂದು ಅರ್ಧ ಗದ್ದೆ ಉತ್ತುಹಾಕಿದವು. "ಕೂಗ್ಬಾರದಿತ್ತಾ ಗೌಡ್ರೆ, ಹಂದಿಗೆ ಕೂಗಿದ್ರೆ ಯಾರು ಎಂತ ಹೇಳ್ತಿದ್ರು?" ಎಂದು ನಾನು ರೇಗಿದೆ. ಅವರು ತಲೆ ಕೆಳಗೆ ಹಾಕಿ ನಕ್ಕರು. ನನಗೆ ಅಳು ಬಂತು.

ಗಂಡ ಹೆಂಡತಿ ಭೇಟಿಯಾಗುತ್ತಿದ್ದದ್ದು ಪುತ್ತೂರಿನಲ್ಲಿ, ರಕ್ತ ಎಣಿಸುವ ದಿನ ಮಾತ್ರ. ದೇರಣ್ಣ ತಂಗಿಯನ್ನು ಕಡಬದ ಬಸ್ಸಿನಲ್ಲಿ ತರುತ್ತಿದ್ದರು, ಗೌಡರು ಈ ಕಡೆಯಿಂದ ಹೋಗುತ್ತಿದ್ದರು. ಡಾಕ್ಟರ ಹೊರಕೋಣೆಯ ಬೆಂಚಿನಲ್ಲಿ ದೇರಣ್ಣ ನಡುವೆ, ಇವರಿಬ್ಬರು ಎರಡು ಕೊನೆಗೆ. ಒಂದು ಸಲ ನಾನೂ ಅಲ್ಲಿದ್ದೆ.

"ಭಾವ, ಕಪ್ಪು ದನ ಕರು ಹಾಕಿತು ಅಂತ ಅವಳಿಗೆ ಹೇಳಿ," ಎಂದರು ಗೌಡರು ಮೆಲ್ಲಗೆ.

"ಗಂಡಾ ಹೆಣ್ಣಾ ಕೇಳಣ್ಣ," ಎಂದಳು ದೇವಮ್ಮ ಆ ಕೊನೆಯಿಂದ.

ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ದೇರಣ್ಣ ಮಾತ್ರ ಗಂಭೀರವಾಗಿ ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಮುಟ್ಟಿಸುತ್ತಿದ್ದರು. ಹೆಣ್ಣು ಕರು ಎಂದು ಹೇಳುವಾಗ ಅವರಿಗೂ ನಗು ತಡೆಯಲಾಗಲಿಲ್ಲ. ಆದರೆ ಎದ್ದು ಜಾಗ ಬಿಡಲಿಲ್ಲ.

ಮೊದಲ ಸಲದ ಲೆಕ್ಕ ಎರಡೂವರೆ ಲಕ್ಷ ಚಿಲ್ಲರೆ ಬಂತು. ಅದು ಸರಿಯಾದದ್ದೇ, ಆರಂಭದ ಏರಿಕೆ ಇಳಿದು ನಿಲ್ಲಬೇಕಾದಲ್ಲಿ ನಿಂತಿದೆ ಎಂದರು ಡಾಕ್ಟರು. ಎರಡನೆಯ ಸಲ ಒಂದು ಲಕ್ಷ ಎಪ್ಪತ್ತು ಸಾವಿರ. ಅವರು ಮತ್ತೊಂದು ಹನಿ ತೆಗೆದು ಪುನಃ ಎಣಿಸಿದರು. ಲೆಕ್ಕ ಬದಲಾಗಲಿಲ್ಲ. ಇಷ್ಟಿದ್ದರೆ ಭಯವಿಲ್ಲ ಎಂದು ದೊಡ್ಡದಾಗಿ ಹೇಳಿ, ನನ್ನನ್ನು ಬದಿಗೆ ಕರೆದು, "ಇಳೀತಾ ಉಂಟು. ಎಲ್ಲಿ ನಿಲ್ತದೆ ನೋಡ್ಬೇಕು," ಎಂದರು. ಗೌಡರು ದೂರದಿಂದ ನಮ್ಮ ಮುಖವನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಅವಳಿಗೆ ಹೇಳ್ಬೇಡಿ," ಎಂದಷ್ಟೇ ಅಂದರು.

ಅರವತ್ತೊಂದರ ಮಳೆಗಾಲ ಮುಗಿಯುತ್ತಾ ಬಂದಿತ್ತು, ವರ್ಷ ತುಂಬಲು ಸ್ವಲ್ಪವೇ ಉಳಿದಿತ್ತು. ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ದೇರಣ್ಣ ಗೌಡರು ಕೊಡೆ ಹಿಡಿದು ಶಾಲೆಯ ಬಾಗಿಲಿಗೆ ಬಂದರು. ಹಿಂದೆ ದೇವಮ್ಮ ಬಟ್ಟೆಗಂಟು ಹಿಡಿದು ನಿಂತಿದ್ದಳು. ನನಗೆ ಸಂತೋಷವಾಗಬೇಕಿತ್ತು, ದೇರಣ್ಣನ ಮುಖ ನೋಡಿ ಆಗಲಿಲ್ಲ.

"ನೀವೊಮ್ಮೆ ನಮ್ಮೊಟ್ಟಿಗೆ ಭಾವನ ಮನೆಗೆ ಬರ್ಬೇಕು ಮಾಷ್ಟ್ರೆ," ಎಂದರು. "ಒಬ್ಬನೇ ಹೋಗ್ಲಿಕ್ಕೆ ಮೋರೆ ಇಲ್ಲ."

ದಾರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಹಿಂದಿನ ದಿನ ಬೆಳಿಗ್ಗೆ ಅವರ ಹೆಂಡತಿ ಪ್ರೇಮಾವತಿ ದೇವಮ್ಮನ ತಲೆಗೆ ಎಣ್ಣೆ ಹಾಕುವಾಗ ತೋಳಿನ ಮೇಲೆ ನೀಲಿ ಕಲೆ ಕಂಡಳು. ಎರಡೂ ತೋಳಿನಲ್ಲಿ, ಆಮೇಲೆ ನೋಡಿದರೆ ಕಾಲಿನಲ್ಲೂ. ಪ್ರೇಮಾವತಿ ಹೆದರಿ ಕೂತಳು. ದೇವಮ್ಮ ಮಾತ್ರ ಎದ್ದು ನಿಂತು, "ಅಣ್ಣನನ್ನು ಕರೀರಿ ಅತ್ತಿಗೆ, ಅಣ್ಣನನ್ನು ಕರೀರಿ" ಎಂದು ಕುಣಿದಳಂತೆ. ದೇರಣ್ಣ ಹಟ್ಟಿಯಿಂದ ಬಂದು ನೋಡಿದರು. ಆ ಮನೆಯಲ್ಲಿ ಅವಳ ಮೈ ಮುಟ್ಟುವ ಗಂಡಸು ಯಾರೂ ಇಲ್ಲ. ಬಿದ್ದಿಲ್ಲ, ತಾಗಿಲ್ಲ. ಬೆಳ್ಯಪ್ಪ ಗೌಡರು ಇರುವುದು ಒಂದು ಬಸ್ಸು, ಒಂದು ಕಾಡು ಆಚೆ.

"ಹೊಸಿಲಲ್ಲೇ ಕೂತುಬಿಟ್ಟೆ ಮಾಷ್ಟ್ರೆ," ಎಂದರು ದೇರಣ್ಣ. "ಅಕ್ಕನ ವಿಷಯದಲ್ಲಿ ಕಣ್ಣಿದ್ದೂ ನೋಡ್ಲಿಲ್ಲ. ಇವಳ ವಿಷಯದಲ್ಲಿ ಇಲ್ಲದ್ದನ್ನು ನೋಡಿದೆ."

ಆ ದಿನವೇ ಅವರು ತಂಗಿಯನ್ನು ಪುತ್ತೂರಿಗೆ ಕರೆದುಕೊಂಡು ಹೋಗಿದ್ದರು. ಲೆಕ್ಕ ನಲವತ್ತು ಸಾವಿರ. ಡಾಕ್ಟರು ಎದುರಿಗೇ ಹೇಳಿದರು, ಗುಲ್ಮ ತೆಗೆದದ್ದು ಪೂರ್ತಿ ಗೆಲ್ಲಲಿಲ್ಲ, ಪೂರ್ತಿ ಸೋಲಲೂ ಇಲ್ಲ. ಮೊದಲಿನ ಹದಿನೈದು ಸಾವಿರಕ್ಕಿಂತ ಇದು ಎಷ್ಟೋ ಮೇಲು. ಸಣ್ಣ ಪ್ರಮಾಣದ ಮಾತ್ರೆ ಇಟ್ಟುಕೊಂಡರೆ ಮೂಗಿನಲ್ಲಿ ಹಾಗೆ ಸುರಿಯುವ ಭಯ ಕಡಿಮೆ. ಆದರೆ ಗುಣವಾಯಿತೆಂದು ಹೇಳಲಾರೆ, ಕಲೆಗಳು ಜೀವಮಾನವಿಡೀ ಬರುತ್ತಾ ಹೋಗುತ್ತಾ ಇರಬಹುದು, ಎಣಿಸುತ್ತಲೇ ಇರಬೇಕು. ಇದನ್ನು ಕೇಳಿದ ದೇವಮ್ಮ ಡಾಕ್ಟರಿಗೆ ಕೈಮುಗಿದು ಅಣ್ಣನ ಕಡೆ ತಿರುಗಿ, "ಹಾಗಾದ್ರೆ ಇನ್ನು ನಾನು ಮನೆಗೆ ಹೋಗ್ಬಹುದಲ್ಲ?" ಎಂದಳಂತೆ. ರಾತ್ರಿ ಪುತ್ತೂರಿನಲ್ಲೇ ನೆಂಟರ ಮನೆಯಲ್ಲಿದ್ದು, ಕಡಬದ ಬಸ್ಸಿಗೆ ಹೋಗದೆ ನೇರ ಈ ಕಡೆಯ ಬಸ್ಸು ಹತ್ತಿದ್ದರು.

ದಾರಿಯುದ್ದಕ್ಕೂ ದೇವಮ್ಮ ನಮಗಿಂತ ಮುಂದೆ ನಡೆಯುತ್ತಿದ್ದಳು. ಹಸನಬ್ಬರ ಅಂಗಡಿಯ ಎದುರು ಬಂದಾಗ ಸೆರಗು ಹೊದೆಯದೆ ತೋಳು ಕಾಣುವಂತೆಯೇ ನಿಂತು, ಅಲ್ಲಿದ್ದವರಿಗೆಲ್ಲ ಕೇಳುವಂತೆ "ಅಣ್ಣನ ಮನೆಯಲ್ಲಿ ಬಂದದ್ದು ಇದು" ಎಂದು ಹೇಳಿ ಮುಂದೆ ಹೋದಳು. ಹಸನಬ್ಬರು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟು ತಲೆ ತಗ್ಗಿಸಿದರು. ನನಗೆ ಆ ಕ್ಷಣ ಎಷ್ಟು ಹೆಮ್ಮೆಯಾಯಿತೆಂದರೆ, ಅದು ರೋಗದ ಗುರುತೆಂಬುದೇ ಮರೆತುಹೋಯಿತು.

ಬೆಳ್ಯಪ್ಪ ಗೌಡರು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನಮ್ಮನ್ನು ಕಂಡು ಎದ್ದರು, ಹೆಂಡತಿಯ ಕೈಯಲ್ಲಿದ್ದ ಗಂಟನ್ನು ಕಂಡು ಮುಖವೆಲ್ಲ ಅರಳಿತು. "ವರ್ಷ ಆಗ್ಲಿಲ್ಲಲ್ಲ ಭಾವ?" ಎಂದರು.

ದೇರಣ್ಣ ಕೊಡೆಯನ್ನು ಕಂಬಕ್ಕೆ ಒರಗಿಸಿ, ಭಾವನ ಎರಡೂ ಕೈ ಹಿಡಿದುಕೊಂಡರು. "ತಪ್ಪು ನಂದು ಭಾವ. ನಮ್ಮ ಮನೆಯಲ್ಲೇ ಬಂತು. ಯಾರೂ ಮುಟ್ಟಿದ್ದಿಲ್ಲ. ನಿಮ್ಮನ್ನು ಅಂಗಳದಲ್ಲಿ ನಿಲ್ಲಿಸಿದೆನಲ್ಲ ನಾನು."

ಬಂದದ್ದು ಏನೆಂದು ಗೌಡರಿಗೆ ಅರ್ಥವಾಗಲಿಲ್ಲ. ಆಗ ದೇವಮ್ಮ ನಗುನಗುತ್ತಾ ಎದುರು ಬಂದು ಎರಡೂ ತೋಳು ಮುಂದೆ ಚಾಚಿದಳು. "ಇಲ್ಲಿ ನೋಡಿ. ಇಷ್ಟು ದೊಡ್ಡದು. ಈಗ ಇಡೀ ಕಡಬಕ್ಕೆ ಗೊತ್ತಾಯ್ತು ನೀವು ಹೊಡೆದದ್ದಲ್ಲ ಅಂತ!"

ಗೌಡರು ಅವಳ ತೋಳನ್ನು ಹಿಡಿದು ಹತ್ತಿರ ತಂದು ನೋಡಿದರು. ಒಂದು ತೋಳು ನೋಡಿ, ಇನ್ನೊಂದನ್ನು ನೋಡಿದರು. ಕಲೆಯ ಸುತ್ತ ಬೆರಳಾಡಿಸಿದರು, ಒತ್ತಲಿಲ್ಲ. "ಲೆಕ್ಕ ಎಷ್ಟು?" ಎಂದು ಕೇಳಿದರು. ದೇರಣ್ಣ ಹೇಳಿದರು.

"ನಾನು ಹೊಡೆದದ್ದೇ ಆಗಿದ್ರೆ ಒಳ್ಳೇದಿತ್ತು ಭಾವ," ಎಂದರು ಬೆಳ್ಯಪ್ಪ ಗೌಡರು. "ಹೊಡೆಯುದಾದ್ರೆ ನಿಲ್ಲಿಸ್ಬಹುದಿತ್ತು."

ದೇವಮ್ಮನ ನಗು ನಿಂತಿತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗಿನಿಂದ ಎರಡೂ ತೋಳು ಮುಚ್ಚಿಕೊಂಡಳು.